ಹೊಲದ ದನಿಗೆ ಗಿಟಾರ್ ಪಕ್ಕವಾದ್ಯ

ಗಿಟಾರ್ ಕಲಿತವರು ಬಹುತೇಕ ಕೋಣೆಯೊಳಗೇ ನುಡಿಸುತ್ತಾರೆ, ಕೋಣೆಯೊಳಗೇ ರೆಕಾರ್ಡ್ ಮಾಡುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಅದಕ್ಕಿಂತ ಒಳ್ಳೆಯ ಜಾಗ ಊರಾಚೆಯೇ ಇದೆ. ತೂಬಿನಿಂದ ಧುಮುಕುವ ನಾಲೆ ನೀರು, ನಾಟಿ ಗದ್ದೆಯ ಕಪ್ಪೆಗಳು, ಕಬ್ಬಿನ ಗರಿಗಳ ಸರಸರ, ಶಿಂಷೆಯ ದಡದ ಹಕ್ಕಿಗಳು. ಇವನ್ನು ಮುದ್ರಿಸಿಕೊಳ್ಳುತ್ತ, ಇವುಗಳ ಜೊತೆಯಲ್ಲೇ ಮನೋಧರ್ಮದಿಂದ ನುಡಿಸುವುದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಒಂದು ವಿಷಯ ಮಾತ್ರ ಮೊದಲೇ ಮನಸ್ಸಿಗೆ ಬರಬೇಕು: ಇಲ್ಲಿ ಮುಖ್ಯ ಗಾಯನ ಹೊಲದ್ದು, ಗಿಟಾರ್ ಪಕ್ಕವಾದ್ಯ.

ಜಾಗ, ಹೊತ್ತು

ಬೇಸಿಗೆಯ ಬೆಳಗು ಕೋಗಿಲೆ ಮತ್ತು ಮಡಿವಾಳ ಹಕ್ಕಿಯದು. ಮುಂಗಾರಿನ ರಾತ್ರಿ ಕಪ್ಪೆಗಳದು. ಬೆಳಗಿನ ಜಾವವೇ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಆಗ ತಂಪು ಗಾಳಿ ನೆಲದ ಮಟ್ಟದಲ್ಲೇ ನಿಂತಿರುವುದರಿಂದ ದೂರದ ಸದ್ದೂ ಬಾಗಿ ಕಿವಿಗೆ ಬರುತ್ತದೆ. ಮಂಡ್ಯ, ಮದ್ದೂರಿನ ಸುತ್ತ ಬೆಂಗಳೂರು–ಮೈಸೂರು ಹೆದ್ದಾರಿಯ ಮೊರೆತ, ರೈಲಿನ ಹಾರನ್ನು ತಪ್ಪಿಸುವುದು ಕಷ್ಟ. ಮಳವಳ್ಳಿ ಕಡೆ ರೈಲಿಲ್ಲ, ಈ ಕೆಲಸಕ್ಕೆ ಆ ತಾಲ್ಲೂಕೇ ಮೇಲು.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮದಲ್ಲಿ, ನೀರು ಬಿಟ್ಟಿದ್ದಾರೋ ಇಲ್ಲವೋ ವಿಚಾರಿಸಿಕೊಂಡು ಹೊರಡಿ. ನೀರಿದ್ದಾಗ ಕೇಳುವ ಜಾಗವೂ ಇಲ್ಲದಾಗ ಕೇಳುವ ಜಾಗವೂ ಬೇರೆ ಬೇರೆ ಎನ್ನುವಷ್ಟು ಸದ್ದು ಬದಲಾಗಿರುತ್ತದೆ. ಹೆಡ್‌ಫೋನ್ ಹಾಕಿಕೊಂಡು ನಾಲೆ ಏರಿಯ ಅಂಚಿನಲ್ಲಿ ಕೂರಬೇಡಿ, ಕೆಳಗಿನ ಗದ್ದೆ ಬದುವಿಗೆ ಇಳಿಯಿರಿ. ಜಮೀನಿನವರನ್ನು ಕೇಳಿಯೇ ಕೂರಬೇಕು. ಹಾಗೆ ಕೇಳುವಾಗಲೇ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆಂದೂ ತಿಳಿದುಕೊಳ್ಳಿ. ಕರೆಂಟ್ ಬಂತೆಂದರೆ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಎಲ್ಲರಿಗೂ ಮೊದಲು ಹೊಳೆಯುವ ಹೆಸರು. ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ದೊಡ್ಡ ಹಕ್ಕಿಗಳು ಹೆಚ್ಚಾಗಿ ಮೌನಿಗಳು, ಕೊಕ್ಕರೆ ಆಗಾಗ ಕೊಕ್ಕು ಪಟಪಟಿಸುತ್ತದೆ ಅಷ್ಟೆ. ಮೇವು ತಂದಾಗ ಏಳುವ ಗದ್ದಲವೆಲ್ಲ ಮರಿಗಳದು. ಅದನ್ನು ದೂರದಿಂದ ಮುದ್ರಿಸಿಕೊಳ್ಳಿ, ಗಿಟಾರನ್ನು ಮಾತ್ರ ಚೀಲದಿಂದ ಹೊರಗೆ ತೆಗೆಯಬೇಡಿ. ಗಾಬರಿಯಾಗಿ ಗೂಡಿನಿಂದ ಬಿದ್ದ ಮರಿ ಮತ್ತೆ ಮೇಲೇರಲಾರದು. ಹಾಗೆ ಬಿದ್ದ ಮರಿಗಳನ್ನು ಸಾಕಿ ಉಳಿಸಿದ ಊರು ಅದು. ನಮ್ಮ ಸಂಗೀತಕ್ಕಾಗಿ ಆ ಜನರಿಗೆ ಇನ್ನೊಂದು ಮರಿಯ ಪಾಲನೆ ಹೊರಿಸುವುದು ಸಲ್ಲದು. ಮುತ್ತತ್ತಿಗೂ ಇದೇ ಮಾತು, ಅದು ಕಾವೇರಿ ವನ್ಯಜೀವಿ ಧಾಮದೊಳಗಿದೆ. ಎಲ್ಲೇ ಆಗಲಿ, ಮುದ್ರಿಸಿದ ಹಕ್ಕಿ ಕೂಗನ್ನು ಸ್ಪೀಕರಿನಲ್ಲಿ ಹಾಕಬೇಡಿ. ತನ್ನ ಎಲ್ಲೆಗೆ ಇನ್ನೊಂದು ಹಕ್ಕಿ ನುಗ್ಗಿತೆಂದು ಗೂಡಿನ ಹಕ್ಕಿ ಮರಿ ಬಿಟ್ಟು ಹೋರಾಟಕ್ಕೆ ಬರುತ್ತದೆ.

ಗಗನಚುಕ್ಕಿಯ ಬುಡದ ಹತ್ತಿರ ಗಿಟಾರ್ ಕೇಳಿಸುವುದೇ ಇಲ್ಲ. ಜಲಪಾತದ ಸದ್ದು ಮಂದ್ರದಿಂದ ತಾರದವರೆಗೆ ಎಲ್ಲವನ್ನೂ ತುಂಬಿಬಿಡುತ್ತದೆ. ಮೊರೆತ ತೆಳುವಾಗುವಷ್ಟು ಹಿಂದೆ ಸರಿದು, ವಾರದ ನಡುವಿನ ದಿನ, ಬಿಡಿ ಸ್ವರಗಳನ್ನು ಮಾತ್ರ ನುಡಿಸಿ.

ಸಲಕರಣೆ

ಕೈಯಲ್ಲಿ ಹಿಡಿಯುವ ಸಣ್ಣ ಸ್ಟೀರಿಯೋ ರೆಕಾರ್ಡರ್ ಒಂದಿದ್ದರೆ ಸಾಕು. ಮೊಬೈಲಿನಲ್ಲಿ ಮಾಡುವುದಾದರೆ ಏರೋಪ್ಲೇನ್ ಮೋಡ್ ಹಾಕಿ, ಸದ್ದು ತಗ್ಗಿಸುವ ಸೌಲಭ್ಯ ಮುಚ್ಚಬಲ್ಲ ಆ್ಯಪ್ ಬಳಸಿ. ಇಲ್ಲದಿದ್ದರೆ ಅದು ಜೀರುಂಡೆಯನ್ನೇ ಕಸವೆಂದು ಅಳಿಸಿಹಾಕುತ್ತದೆ. ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಅತಿ ಜೋರು ಸದ್ದು ಬಂದಾಗಲೂ ಮಟ್ಟ ಮೈನಸ್ 12 ಡೆಸಿಬಲ್ ದಾಟದಂತೆ ಇಟ್ಟುಕೊಳ್ಳಿ. ಮೈಕಿಗೆ ತುಪ್ಪಳದ ಗಾಳಿಕವಚ ಬೇಕೇ ಬೇಕು. ಬಯಲುಸೀಮೆಯ ಗಾಳಿ ಮೈಕಿಗೆ ಬಡಿದು ಎಬ್ಬಿಸುವ ಗುಡುಗನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು.

ಗಿಟಾರ್ ಪ್ಲೈವುಡ್ಡಿನದಾದರೆ ಇನ್ನೂ ಒಳ್ಳೆಯದು, ಇಬ್ಬನಿ ಬಿಸಿಲು ತಡೆಯುತ್ತದೆ. ನುಡಿಸಿದ ಮೇಲೆ ತಂತಿ ಒರೆಸಿ. ಗಿಟಾರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ತಂತಿ ಕಟ್ಟುವ ಬ್ರಿಜ್ಜಿನ ಅಂಟು ಬಿಟ್ಟುಕೊಳ್ಳುತ್ತದೆ. ಬದುವಿನ ಮೇಲೆ ಓಡಾಡಲು ಬೂಟು, ಟಾರ್ಚು.

ಶ್ರುತಿ

ಸಾಮಾನ್ಯ ಶ್ರುತಿಯಿಂದ ಆರನೇ, ಎರಡನೇ, ಒಂದನೇ ತಂತಿಗಳನ್ನು ಎರಡೆರಡು ಮನೆ (ಫ್ರೆಟ್) ಇಳಿಸಿ. ಆಗ ದಪ್ಪ ತಂತಿಯಿಂದ ಡಿ, ಎ, ಡಿ, ಜಿ, ಎ, ಡಿ ಎಂದಾಗುತ್ತದೆ. ಡಿ ಷಡ್ಜವಾದರೆ ಬಿಟ್ಟ ತಂತಿಗಳೇ ಸ ಪ ಸ ಮ ಪ ಸ, ತಂಬೂರಿ ಪಕ್ಕದಲ್ಲೇ ಇದ್ದಂತೆ. ಇದರ ಮೇಲೆ ಮಧ್ಯಮಾವತಿ ತಾನಾಗಿ ಕೂರುತ್ತದೆ. ಒಂದನೇ ತಂತಿಯ ಎರಡನೇ ಮನೆ ರಿಷಭ, ಐದು ಮಧ್ಯಮ, ಏಳು ಪಂಚಮ, ಹತ್ತು ನಿಷಾದ, ಹನ್ನೆರಡು ಮೇಲಿನ ಷಡ್ಜ. ಐದೇ ಸ್ವರ, ಅಪಸ್ವರದ ಭಯ ಕಡಿಮೆ. ಕಿವಿಯನ್ನು ಹೊಲದ ಕಡೆ ಇಡಲು ಬಿಡುವು ಸಿಗುತ್ತದೆ. ಗಿಟಾರಿನಲ್ಲಿ ರಾಗ ಎಂದರೆ ಹುಬ್ಬೇರಿಸುವವರು ಬ್ರಿಜ್ ಭೂಷಣ್ ಕಾಬ್ರಾ ಅವರನ್ನು ಕೇಳಬೇಕು. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಶಿವಕುಮಾರ್ ಶರ್ಮ, ಹರಿಪ್ರಸಾದ್ ಚೌರಾಸಿಯಾ ಜೊತೆ ಅವರು ನುಡಿಸಿದ್ದಾರೆ. ಕಾಶ್ಮೀರದ ಕುರುಬನೊಬ್ಬನ ದಿನವನ್ನು ಹೊತ್ತಿಗೆ ತಕ್ಕ ರಾಗಗಳಲ್ಲಿ ಹೇಳುವ ಧ್ವನಿಮುದ್ರಿಕೆ ಅದು.

ಹತ್ತಿರದಲ್ಲೆಲ್ಲೋ ಟಿಸಿ (ವಿದ್ಯುತ್ ಟ್ರಾನ್ಸ್‌ಫಾರ್ಮರ್) ಇದ್ದರೆ ಅದರ ಗುಂಯ್ ಎನ್ನುವ ದನಿ 100 ಹರ್ಟ್ಸ್ ಆಸುಪಾಸಿನದು. ಗಿಟಾರಿನ ಕೆಳಗಿನ ಜಿ 98 ಹರ್ಟ್ಸ್. ಈ ಚೂರು ಅಂತರ ಕಿವಿಗೆ ಕಿರಿಕಿರಿ ಮಾಡುತ್ತದೆ. ಜಾಗ ಬದಲಿಸಲಾಗದಿದ್ದರೆ ಎಲ್ಲ ತಂತಿಗಳನ್ನೂ ಅಷ್ಟೇ ಏರಿಸಿ, ಟಿಸಿಗೇ ಶ್ರುತಿ ಮಾಡಿಕೊಳ್ಳಿ. ಗುಂಯ್ ಆಗ ಶುದ್ಧ ಮಧ್ಯಮವಾಗಿ ಅಡಿಯಲ್ಲಿ ನಿಲ್ಲುತ್ತದೆ.

ಕೂತ ಮೇಲೆ

ರೆಕಾರ್ಡರ್ ಚಾಲೂ ಮಾಡಿ ದಿನ, ಹೊತ್ತು, ಊರು ಹೇಳಿ. ಆಮೇಲೆ ಹತ್ತು ನಿಮಿಷ ತಂತಿ ಮುಟ್ಟದೆ ಕೂರಿ. ಈ ಹತ್ತು ನಿಮಿಷ ಬೇಡವೆನಿಸುತ್ತದೆ, ಆದರೂ ಬಿಡಬೇಡಿ. ಗಿಟಾರಿಲ್ಲದ ಹೊಲದ ದನಿ ಮುಂದೆ ಮಿಶ್ರಣಕ್ಕೆ ಬೇಕಾಗುತ್ತದೆ. ನೀವು ನಡೆದು ಬಂದದ್ದಕ್ಕೆ ಕಪ್ಪೆಗಳು ಸುಮ್ಮನಾಗಿರುತ್ತವೆ. ಮೊದಲು ಒಂದು ಕೂಗುತ್ತದೆ, ತುಸು ತಡೆದು ಇನ್ನೊಂದು, ಆಮೇಲೆ ಇಡೀ ಗದ್ದೆ. ಎಲ್ಲ ಸೇರಿದ ಮೇಲೆ ಒಂದೇ ಒಂದು ತಂತಿಯನ್ನು ಬೆರಳಿನಿಂದ ಮೀಟಿ. ಕಪ್ಪೆಗಳು ನಿಂತರೆ ನೀವು ಜೋರು. ನಿಲ್ಲದಿದ್ದರೆ ಅದೇ ನಿಮ್ಮ ಮಟ್ಟ.

ಬಯಲಿನಲ್ಲಿ ಗೋಡೆಯಿಲ್ಲದ ಕಾರಣ ನಿಮ್ಮ ವಾದ್ಯ ನಿಮಗೇ ಕ್ಷೀಣವಾಗಿ ಕೇಳುತ್ತದೆ, ಕೈ ತಾನಾಗಿ ಜೋರಾಗುತ್ತದೆ. ಅದಕ್ಕೆ ಮದ್ದು, ಪಂಪ್‌ಸೆಟ್ ಮನೆಯ ಗೋಡೆಗೋ ಬಂಡೆಗೋ ಎದುರಾಗಿ ಕೂರುವುದು.

ಯಾವ ದನಿಗೆ ಏನು? ಜೀರುಂಡೆ ಗಿಟಾರಿಗಿಂತ ಬಹಳ ಮೇಲಿನ ಸ್ಥಾಯಿಯಲ್ಲಿದೆ, ಅದರ ಕೆಳಗೆ ಧಾರಾಳ ಜಾಗವಿದೆ. ಕೆಂಬೂತದ ಗಂಭೀರ ಕೂಗು ನಿಮ್ಮ ಸ್ಥಾಯಿಯದೇ, ಅದು ಕೂಗುವಾಗ ಕೈ ತೆಗೆಯಿರಿ. ಕಂಚುಗಾರ ಹಕ್ಕಿ ಟುಕ್ ಟುಕ್ ಎಂದು ಒಂದೇ ಲಯದಲ್ಲಿ ಹೊಡೆಯುತ್ತಿದ್ದರೆ ಅದನ್ನೇ ತಾಳವೆಂದು ಹಿಡಿಯಿರಿ. ಕೋಗಿಲೆ ಕೂಗಿನಿಂದ ಕೂಗಿಗೆ ಏರುತ್ತ ಹೋಗಿ ಥಟ್ಟನೆ ನಿಲ್ಲುತ್ತದೆ. ಅದನ್ನು ಅನುಕರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ, ಅದು ನಿಂತ ಮೇಲಿನ ಮೌನದಲ್ಲಿ ನಿಮ್ಮ ಮಾತು ಆಡಿ.

ಒಂದೇ ರೆಕಾರ್ಡರ್ ಇದ್ದರೆ ಅದರ ಮುಖ ಹೊಲದ ಕಡೆಗಿರಲಿ, ನೀವು ಎರಡು ಮೀಟರ್ ಹಿಂದೆ ಕೂರಿ. ಎರಡಿದ್ದರೆ ಒಂದು ಹನ್ನೆರಡನೇ ಮನೆಯ ಎದುರು ಒಂದಡಿ ದೂರದಲ್ಲಿ, ಇನ್ನೊಂದು ಹದಿನೈದಿಪ್ಪತ್ತು ಮೀಟರ್ ಆಚೆ ಇರಲಿ. ಶುರುವಿನಲ್ಲಿ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು 17 ಮೀಟರ್ ಸಾಗಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು, ಚಪ್ಪಾಳೆಯ ಗುರುತಿನ ಮೇಲೆ ಎರಡೂ ಕಡತ ಹೊಂದಿಸಬಹುದು. ಗಾಳಿ ಸದ್ದು ಕತ್ತರಿಸುವ 80 ಹರ್ಟ್ಸ್ ಫಿಲ್ಟರ್ ದೂರದ ರೆಕಾರ್ಡರಿಗೆ ಮಾತ್ರ ಸಾಕು. ಇಳಿಸಿದ ಆರನೇ ತಂತಿ 73 ಹರ್ಟ್ಸಿನದು, ಹತ್ತಿರದ್ದಕ್ಕೆ ಹಾಕಿದರೆ ಷಡ್ಜವೇ ಸೊರಗುತ್ತದೆ.

ಮನೆಗೆ ಬಂದ ಮೇಲೆ

ಆವತ್ತೇ ಎರಡು ಕಡೆ ನಕಲು ಮಾಡಿಡಿ. ಕಡತದ ಹೆಸರಿನಲ್ಲಿ ದಿನಾಂಕ, ಊರು, ಹೊತ್ತು ಇರಲಿ. ಮಿಶ್ರಣ ಮಾಡುವಾಗ ಮೊದಲು ಹೊಲದ ದನಿಯ ಮಟ್ಟ ನಿಗದಿಮಾಡಿ, ಗಿಟಾರನ್ನು ಆಮೇಲೆ ಕೆಳಗಿನಿಂದ ಏರಿಸುತ್ತ ಬನ್ನಿ. ಕೊಕ್ಕರೆಬೆಳ್ಳೂರಿನಂಥ ಕಡೆ ಮುದ್ರಿಸಿದ್ದಕ್ಕೆ ನುಡಿಸುವುದಾದರೆ ತೋಟದಲ್ಲೋ ಮನೆಯ ಜಗಲಿಯಲ್ಲೋ ಕೂತು, ಒಂದೇ ಕಿವಿಗೆ ಇಯರ್‌ಫೋನ್ ಹಾಕಿ, ಇನ್ನೊಂದು ಕಿವಿಯನ್ನು ಗಿಟಾರಿಗೆ ಬಿಡಿ. ಮುಗಿದ ಕಡತವನ್ನು ಕೂರಲು ಜಾಗ ಕೊಟ್ಟ ರೈತರ ವಾಟ್ಸ್‌ಆ್ಯಪ್‌ಗೂ ಕಳಿಸಿ. ಯಾವ ಹಕ್ಕಿ ಯಾವುದೆಂದು ನಿಮಗಿಂತ ಚೆನ್ನಾಗಿ ಅವರೇ ಗುರುತಿಸಿ ಹೇಳುತ್ತಾರೆ.