ಭೌತಶಾಸ್ತ್ರದ ಪಿಎಚ್‌ಡಿ ಯಾವ ಲೆಕ್ಕಕ್ಕೆ?

ಎಂಟು-ಹತ್ತು ವರ್ಷ ಎಂಜಿನಿಯರ್ ಆಗಿ ದುಡಿದು, ಕೆಲಸ ರುಚಿಸದೆ, ಮೂವತ್ತು ದಾಟಿದ ಮೇಲೆ ಭೌತಶಾಸ್ತ್ರದ ಪಿಎಚ್‌ಡಿಗೆ ಹೊರಡುವವರು ಮನೆಯವರಿಗೆ ಹೇಳುವ ಮಾತು ಒಂದೇ: ‘ಇದು ಭವಿಷ್ಯಕ್ಕೆ ಹೂಡಿಕೆ’. ಅದೇ ದಾರಿ ಹಿಡಿದವನಾದರೂ ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೂಡಿಕೆ ಎಂದ ಮೇಲೆ ಹಾಕಿದ್ದಕ್ಕಿಂತ ಹೆಚ್ಚು ವಾಪಸ್ ಬರಬೇಕು. ಇಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಇದು ಖರ್ಚು. ಇಷ್ಟಪಟ್ಟು ಮಾಡುವ ದೊಡ್ಡ ಖರ್ಚು, ಅದರಲ್ಲಿ ತಪ್ಪೇನೂ ಇಲ್ಲ. ಖರ್ಚೆಂದು ಒಪ್ಪಿಕೊಂಡವರು ಎಷ್ಟಾಗುತ್ತದೆ, ಎಲ್ಲಿಂದ ತರುವುದು ಎಂದು ಮೊದಲೇ ಕೇಳಿಕೊಳ್ಳುತ್ತಾರೆ. ಹೂಡಿಕೆ ಎಂದುಕೊಂಡವರು ಆ ಪ್ರಶ್ನೆಯನ್ನು ನಾಳೆಗೆ ತಳ್ಳುತ್ತಾರೆ.

2023ರ ಜನವರಿಯಿಂದ ಕೇಂದ್ರ ಸರ್ಕಾರದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದರೆ 42,000. ಐದು ವರ್ಷಕ್ಕೆ ಒಟ್ಟು 24 ಲಕ್ಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಹಾಸ್ಟೆಲ್‌ನಲ್ಲಿದ್ದು, ಮೆಸ್‌ನಲ್ಲಿ ಉಣ್ಣುವ ಒಂಟಿ ಜೀವಕ್ಕೆ ಇದು ಸಾಕು. ಆದರೆ ಹೆಸರಿನಲ್ಲೊಂದು ಫ್ಲ್ಯಾಟ್ ಇದ್ದರೆ? 40 ಲಕ್ಷದ ಗೃಹಸಾಲ, ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ಇಎಂಐ ಸುಮಾರು 34,700. ಜೆಆರ್‌ಎಫ್‌ನಲ್ಲಿ ಉಳಿಯುವುದು 2,300 ರೂಪಾಯಿ. ಹಾಗಾಗಿ ಎಷ್ಟು ಸಂಬಳ ಬಿಟ್ಟು ಹೋಗುತ್ತೀರಿ ಎನ್ನುವುದಕ್ಕಿಂತ ಎಷ್ಟು ಸಾಲ ಹೊತ್ತುಕೊಂಡು ಹೋಗುತ್ತೀರಿ ಎನ್ನುವುದನ್ನೇ ಮೊದಲು ನೋಡಬೇಕು. ಕಣ್ಣಿಗೆ ಬೀಳದ ಇನ್ನೊಂದು ಬಾಬ್ತೂ ಇದೆ. ತಿಂಗಳಿಗೆ 20,000ದ ಎಸ್‌ಐಪಿ ಐದು ವರ್ಷ ನಿಂತರೆ ನಿಲ್ಲುವುದು 12 ಲಕ್ಷ ಮಾತ್ರವಲ್ಲ. ವರ್ಷಕ್ಕೆ ಶೇ 10ರ ಗಳಿಕೆ ಎಂದು ಹಿಡಿದರೆ (ಇದು ಬರೀ ಅಂದಾಜು, ಯಾರೂ ಖಾತರಿ ಕೊಡುವುದಿಲ್ಲ) ಅದು ಐದು ವರ್ಷದಲ್ಲಿ ಹದಿನೈದೂವರೆ ಲಕ್ಷವಾಗಿ, ಮುಂದಿನ 20 ವರ್ಷದಲ್ಲಿ ಒಂದು ಕೋಟಿ ದಾಟುತ್ತಿತ್ತು. ಶೇ 6ರ ಹಣದುಬ್ಬರ ಕಳೆದರೆ ಇಂದಿನ ಬೆಲೆಯಲ್ಲಿ ಸುಮಾರು 24 ಲಕ್ಷ. ಅಂದರೆ ಫೆಲೋಶಿಪ್‌ನಿಂದ ಬರುವಷ್ಟೇ ಹಣ ನಿವೃತ್ತಿಯ ಗಂಟಿನಿಂದ ಕರಗಿರುತ್ತದೆ. ಬಿಟ್ಟ ಸಂಬಳದ ಲೆಕ್ಕ ಇದರಲ್ಲಿ ಸೇರಿಲ್ಲ.

ಪಿಎಚ್‌ಡಿ ಮುಗಿಸಿ ಡೇಟಾ ಸೈನ್ಸ್‌ಗೋ ಹಣಕಾಸು ಕಂಪನಿಗೋ ಸೇರಿ ಕಳೆದದ್ದನ್ನು ದುಡಿಯಬಹುದಲ್ಲ ಎನ್ನುವವರಿದ್ದಾರೆ. ದುಡಿಯಬಹುದು. ಆದರೆ ಎಂಜಿನಿಯರಿಗೆ ಆ ಬಾಗಿಲು ಇವತ್ತೂ ತೆರೆದೇ ಇದೆ. ಕ್ವಾಂಟಂ ಸಿದ್ಧಾಂತದ ಮೂಲಕ ಸುತ್ತಿ ಬಳಸಿ ಹೋಗಬೇಕಿಲ್ಲ. ಪ್ರಾಧ್ಯಾಪಕರ ಸಂಬಳ ಚೆನ್ನಾಗಿದೆಯಲ್ಲ ಎಂಬುದೂ ನಿಜವೇ: ಯುಜಿಸಿ ವೇತನಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700, ಅದರ ಮೇಲೆ ಭತ್ಯೆಗಳು. ಕೊರತೆ ಇರುವುದು ಹುದ್ದೆಗಳದ್ದು. ನಡುವೆ ಪೋಸ್ಟ್‌ಡಾಕ್ ವರ್ಷಗಳಿವೆ, ಪ್ರಬಂಧ ಆರನೇ ವರ್ಷಕ್ಕೆ ಜಾರುವುದೂ ಅಪರೂಪವಲ್ಲ. ಆಗ ಫೆಲೋಶಿಪ್ ನಿಂತಿರಬಹುದು, ಮೆಸ್ ಬಿಲ್ ನಿಲ್ಲುವುದಿಲ್ಲ.

ಇನ್ನು ಕೆಲಸ ಬಿಡುವವರು ಕೊಡುವುದು ಸರ್ಕಾರಿ ನೌಕರಿ ಬಿಟ್ಟ ಸಿ.ವಿ. ರಾಮನ್ ಅವರ ಉದಾಹರಣೆ. 1907ರಲ್ಲಿ ಹಣಕಾಸು ಇಲಾಖೆ ಸೇರಿದ ರಾಮನ್ ಅದನ್ನು ಬಿಟ್ಟದ್ದು 1917ರಲ್ಲಿ. ಆ ಹತ್ತು ವರ್ಷದ ಹೆಚ್ಚಿನ ಭಾಗ ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿದ್ದರು. ಬಿಟ್ಟು ಹೋದದ್ದು ಕಡಿಮೆ ಸಂಬಳದ್ದಾದರೂ ಪ್ರಾಧ್ಯಾಪಕ ಹುದ್ದೆಗೆ, ವಿದ್ಯಾರ್ಥಿವೇತನಕ್ಕಲ್ಲ. ಈ ಭಾಗವನ್ನು ಯಾರೂ ಹೇಳುವುದಿಲ್ಲ. ಹೀಗೆ ಕೆಲಸದಲ್ಲಿದ್ದುಕೊಂಡೇ ಆಸಕ್ತಿಯನ್ನು ಪರೀಕ್ಷಿಸಿಕೊಳ್ಳುವುದು ನಮ್ಮ ಕಾಲದಲ್ಲಿ ಇನ್ನೂ ಅಗ್ಗ. ಐಐಟಿ ಮದ್ರಾಸ್‌ನ ವಿ. ಬಾಲಕೃಷ್ಣನ್ ಅವರ ಕ್ವಾಂಟಂ ಭೌತಶಾಸ್ತ್ರದ ಪಾಠಗಳು ಎನ್‌ಪಿಟಿಇಎಲ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕೆಲಸ ಮುಗಿಸಿ ಬಂದ ಮೇಲೆ ಆರು ತಿಂಗಳು ಪೆನ್ನು ಹಿಡಿದು ಲೆಕ್ಕ ಬಿಡಿಸುತ್ತಾ ಅವನ್ನು ಕೇಳಲು ಆಗದವರಿಗೆ ಬೇಸರ ಬಂದಿರುವುದು ಬಹುಶಃ ಮ್ಯಾನೇಜರ್ ಮೇಲೆ. ಅದಕ್ಕೆ ಕಂಪನಿ ಬದಲಿಸಿದರೆ ಸಾಕು.

ಹಾಗೆ ಕೇಳಲು ಆಗುವವರು ಕೆಲಸದಲ್ಲಿದ್ದುಕೊಂಡೇ ಗೇಟ್ ಪರೀಕ್ಷೆಯ ಭೌತಶಾಸ್ತ್ರ ಪತ್ರಿಕೆ ಬರೆಯಲಿ. ಅಂಕಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಸಾಲ ತೀರಿಸಲು ಅಷ್ಟು ಸಮಯ ಸಿಕ್ಕಂತೆ. ಸೇವೆ ಐದು ವರ್ಷಕ್ಕೆ ಹತ್ತಿರವಿದ್ದರೆ ಗ್ರಾಚ್ಯುಟಿಗೆ ಅರ್ಹರಾಗುವವರೆಗೆ ರಾಜೀನಾಮೆ ಕೊಡಬೇಡಿ. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ-ಅಮ್ಮ ಇದ್ದರೆ ಅವರಿಗೆ ಬೇರೆ ಪಾಲಿಸಿಯನ್ನು ಈಗಲೇ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಲು ವಿಮಾ ಕಂಪನಿಗೆ ಅವಕಾಶವಿದೆ. ಆ ಅವಧಿಯ ದೊಡ್ಡ ಪಾಲು ಸಂಬಳ ಬರುತ್ತಿರುವಾಗಲೇ ಕಳೆಯಲಿ.