ತೋಟದ ದೊರೆಯೂ ಸಭೆಯ ಪೀಠವೂ

ಹುಲಿಕಲ್ಲಿನ ಘಟ್ಟದ ಮೇಲೆ ಮಳೆ ಹೇಗೆ ಸುರಿಯುತ್ತದೆಂಬುದನ್ನು ನಾವು ಬಲ್ಲೆವು. ಎಳೆಯ ಅಡಿಕೆ ಸಸಿಯು ನೆರಳಿಲ್ಲದೆ ಬಾಡುವದೆಂಬುದನ್ನೂ ಬಲ್ಲೆವು. ನೆರಳಿನ ಬೆಲೆಯನ್ನು ಮರಗಳಿಂದ ಕಲಿತು, ರಾಜ್ಯದ ಸಭೆಯಲ್ಲಿಯೂ ಕುಳಿತ ಒಬ್ಬ ತೋಟಗಾರರ ಜೀವನವನ್ನು ಈ ಪಾಠದಲ್ಲಿ ವಿಚಾರಿಸೋಣ.

ಅವರ ಹೆಸರು ರಾಬರ್ಟ್ ಎಚ್. ಎಲಿಯಟ್. ಸ್ಕಾಟ್ಲೆಂಡಿನವರಾದ ಇವರು 1837ರಲ್ಲಿ ಹುಟ್ಟಿದರು. ಇನ್ನೂ ಇಪ್ಪತ್ತು ತುಂಬುವದಕ್ಕೆ ಮುಂಚೆಯೇ ಮೈಸೂರು ಸೀಮೆಗೆ ಬಂದು, ಈಗ ಸಕಲೇಶಪುರವೆಂದು ಕರೆಯಲ್ಪಡುವ ಮಂಜರಾಬಾದ್ ಸೀಮೆಯಲ್ಲಿ ಕಾಡು ಕಡಿಸಿ ಕಾಫಿ ಬೆಳೆಸಿದರು. ತಮ್ಮ ಅನುಭವವನ್ನು 1871ರಲ್ಲಿಯೂ 1894ರಲ್ಲಿಯೂ ಪುಸ್ತಕಗಳಾಗಿ ಬರೆದರು.

ಆ ಕಾಲದ ತೋಟಗಾರರಲ್ಲಿ ಅನೇಕರು ಮರಗಳನ್ನೆಲ್ಲಾ ಕಡಿದು ಗಿಡಗಳನ್ನು ಬಿಸಿಲಿಗೆ ಬಿಟ್ಟರು. 1866ರ ಸುಮಾರಿಗೆ ಕಾಂಡ ಕೊರೆಯುವ ಹುಳು ಹಬ್ಬಿ ತೋಟಗಳೇ ಹಾಳಾದವು. ಚಿಕ್ ಎಂಬ ಹಳೆಯ ತಳಿಯು ಕ್ಷೀಣಿಸಲು, 1870ರ ಸುಮಾರಿಗೆ ಕೊಡಗಿನ ಬೀಜವನ್ನು ತಂದು ಬಿತ್ತಿದರು. ಬಿಸಿಲು ಬಿದ್ದ ಕಡೆ ಆ ಹುಳು ಹೆಚ್ಚುವದೆಂದೂ, ಬಸರಿ, ಗೋಣಿ ಮುಂತಾದ ಮರಗಳ ನೆರಳಿನಲ್ಲಿ ಗಿಡ ಬಾಳುವದೆಂದೂ ಎಲಿಯಟ್ಟರು ಕಂಡು ಬರೆದರು. ತಾನೊಂದೇ ನಿಂತ ಗಿಡವು ಉಳಿಯಲಾರದೆಂಬ ಪಾಠವು ಹೀಗೆ ನಷ್ಟದಿಂದ ದೊರೆಯಿತು.

ಇನ್ನು ಸಭೆಯ ವಿಷಯ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ನೆಯ ಅಕ್ಟೋಬರ್ 7ರಂದು, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲಾಗಿ ಕೂಡಿತು. 144 ಮಂದಿ ಸದಸ್ಯರು ಬಂದಿದ್ದರು. ಕಾನೂನು ಮಾಡುವ ಅಧಿಕಾರವು ಅದಕ್ಕಿರಲಿಲ್ಲ. ಪ್ರಜೆಗಳ ಕುಂದುಕೊರತೆಗಳನ್ನು ಸರ್ಕಾರಕ್ಕೆ ಅರಿಕೆ ಮಾಡುವದೇ ಅದರ ಕೆಲಸ. ತೋಟಗಾರರ ಪ್ರತಿನಿಧಿಯಾಗಿ ಎಲಿಯಟ್ಟರೂ ಅದರಲ್ಲಿ ಕುಳಿತರು. ಆ ಸಭೆಯ ವಿಷಯವಾಗಿ ತಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದರು.

ಆದರೆ ಆ ಪೀಠದಲ್ಲಿ ಯಾರು ಕುಳಿತಿರಲಿಲ್ಲ? ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಕೈಯಲ್ಲಿ ಮುಂಗಡ ಪಡೆದು ತೋಟಕ್ಕೆ ಹತ್ತಿಬಂದ ಕೂಲಿಯಾಳು ಕುಳಿತಿರಲಿಲ್ಲ. 1891ರಿಂದ ಚುನಾವಣೆಯ ಪದ್ಧತಿ ಬಂದರೂ ಕಂದಾಯವೂ ಆಸ್ತಿಯೂ ಉಳ್ಳವರಿಗೇ ಮತವಿತ್ತು. 1859ರ ಕಾನೂನಿನ ಪ್ರಕಾರ, ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದ ಆಳನ್ನು ಸೆರೆಗೆ ಕಳುಹಿಸಬಹುದಾಗಿತ್ತು. ಕೂಲಿ ಕೊಡದೆ ಮಾತು ತಪ್ಪಿದ ದಣಿಗೆ ಅದರಲ್ಲಿ ಸೆರೆಯಿರಲಿಲ್ಲ. 1925ರಲ್ಲಿ ಮಾತ್ರ ಅದನ್ನು ತೆಗೆದುಹಾಕುವ ಶಾಸನವಾಯಿತು.

ಮತ್ತೊಂದು ಸಂಗತಿಯು ನಮ್ಮಂಥ ಸಭೆಗಳವರನ್ನು ಮುಟ್ಟುತ್ತದೆ. ಜಾತಿಯ ಕಟ್ಟು ಹಳ್ಳಿಯವರನ್ನು ಕುಡಿತದಿಂದ ಕಾಯುತ್ತದೆಂದು ಎಲಿಯಟ್ಟರು ವಾದಿಸಿದರು. ಕುಡಿತವು ಮನೆಯನ್ನು ಕೆಡಿಸುವದೆಂಬುದು ಸತ್ಯವೇ. ಆದರೆ ಆ ಕಟ್ಟಿನ ಕೆಳಗೆ ಸಿಕ್ಕಿದವರು ಏನನ್ನುವರೆಂದು ಕೇಳದೆ ಅದರ ಗುಣವನ್ನು ತೂಗಬಹುದೇ? ಜಗಲಿಯ ಮೇಲಿನಿಂದ ನೋಡುವವನಿಗೆ ಅಂಗಳವು ಕಾಣುತ್ತದೆ. ಅಂಗಳದಲ್ಲಿ ನಿಂತವನ ಕಾಲ ಕೆಳಗಿನ ಸುಡುವ ನೆಲವು ತಿಳಿಯದು.

ಎಲಿಯಟ್ಟರು 1914ರಲ್ಲಿ ತೀರಿಕೊಂಡರು. ಪ್ರಜಾಪ್ರತಿನಿಧಿ ಸಭೆಯು 1949ರಲ್ಲಿ ಮುಗಿಯಿತು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ಅಳತೆಯ ಕೊಳಗದ ಅನ್ಯಾಯವನ್ನು ಎದುರಿಸಿ ಸತ್ಯಾಗ್ರಹ ಮಾಡಿದರು. ಮರುವರ್ಷ, ಪ್ರಾಪ್ತವಯಸ್ಕರೆಲ್ಲರಿಗೂ ಮತ ದೊರೆತ ಮೊದಲನೆಯ ಚುನಾವಣೆಯಲ್ಲಿ, ಸಾಗರ-ಹೊಸನಗರ ಕ್ಷೇತ್ರದಿಂದ ಗೇಣಿದಾರರ ಪಕ್ಷದಲ್ಲಿ ನಿಂತ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಆರಿಸಲ್ಪಟ್ಟರು. 1974ರ ತಿದ್ದುಪಡಿಯಿಂದ ಉಳುವವನಿಗೆ ಭೂಮಿಯ ಹಕ್ಕು ದೊರೆಯಿತು. ಹಿಂದೆ ಪೀಠದ ಹೊರಗೆ ನಿಂತವರು ಹೀಗೆ ಒಳಗೆ ಬಂದರು.

ಆದದರಿಂದ ನಾವು ಎಲಿಯಟ್ಟರ ಶ್ರದ್ಧೆಯನ್ನು ಕಲಿಯೋಣ. ಅವರು ಕಾಣದೆ ಹೋದದ್ದನ್ನೂ ಕಲಿಯೋಣ. ಗಿಡಕ್ಕೆ ನೆರಳು ಬೇಕೆಂದು ತಿಳಿದವನು ಆಳಿಗೂ ನೆರಳು ಬೇಕೆಂದು ತಿಳಿಯತಕ್ಕದ್ದು.

ಮನೆಯಲ್ಲಿ ಕೂತು ಯೋಚಿಸತಕ್ಕ ಪ್ರಶ್ನೆಗಳು: ನಮ್ಮ ಊರಿನ ಕೂಟದಲ್ಲಿ ಯಾರ ಮಾತು ಕೇಳಿಬರುವದಿಲ್ಲ? ಕೊಯ್ಲಿನ ದಿನ ನಮ್ಮ ಕಣದಲ್ಲಿ ದುಡಿದವರ ಕೂಲಿಯನ್ನು ಸಂಜೆಯೊಳಗೆ ಕೊಟ್ಟೆವೋ?