ಅಡ್ರಿನಲ್ ಗ್ರಂಥಿಯ ಗಡ್ಡೆಗಳು: ಸ್ತ್ರೀ-ಪುರುಷ ವ್ಯತ್ಯಾಸ

ಅಡ್ರಿನಲ್ ಗ್ರಂಥಿಗಳು ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲಿರುತ್ತವೆ. ಹೊರಪದರವಾದ ಕಾರ್ಟೆಕ್ಸ್ ಕಾರ್ಟಿಸೋಲ್, ಆಲ್ಡೋಸ್ಟಿರೋನ್‌ಗಳನ್ನು ಸ್ರವಿಸಿದರೆ, ಒಳಭಾಗದ ಮೆಡುಲ್ಲಾ ಅಡ್ರಿನಲಿನ್ ಸ್ರವಿಸುತ್ತದೆ. ಗಡ್ಡೆಗಳ ಲಿಂಗವಾರು ಹಂಚಿಕೆ ಅರ್ಥವಾಗಬೇಕಾದರೆ ಮೊದಲು ಈ ಎರಡು ಪದರಗಳ ಭೇದ ತಿಳಿದಿರಬೇಕು.

ವ್ಯತ್ಯಾಸ ಎದ್ದು ಕಾಣುವುದು ಕಾರ್ಟೆಕ್ಸ್‌ನಲ್ಲಿ. ಕಾರ್ಟಿಸೋಲ್ ಸ್ರವಿಸುವ ಅಡಿನೋಮಾ ಎಂಬ ಗಡ್ಡೆ ಪುರುಷರಿಗಿಂತ ಮಹಿಳೆಯರಲ್ಲಿ ಹಲವು ಪಟ್ಟು ಹೆಚ್ಚು. ಇದು ಕ್ಯಾನ್ಸರ್ ಅಲ್ಲ. ಆದರೂ ಕುಶಿಂಗ್ ಸಿಂಡ್ರೋಮ್ ಉಂಟುಮಾಡಿ ಮುಖ ಊದುವುದು, ರಕ್ತದೊತ್ತಡ ಏರುವುದು, ಮೂಳೆ ಸವೆಯುವುದು ಮುಂತಾದ ತೊಂದರೆ ಕೊಡುತ್ತದೆ. ಪಿಟ್ಯುಟರಿ ಗಡ್ಡೆಯಿಂದ ಬರುವುದು ಕುಶಿಂಗ್ ಕಾಯಿಲೆ. ಇವೆರಡನ್ನು ಬೆರೆಸಬಾರದು. ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು 1ರಿಂದ 2 ಮಂದಿಗೆ ಬರುವ ಕಾರ್ಟೆಕ್ಸ್ ಕ್ಯಾನ್ಸರ್ ಕೂಡ ಮಹಿಳೆಯರಲ್ಲೇ ತುಸು ಹೆಚ್ಚು. ಮಕ್ಕಳಲ್ಲಿಯೂ ಹುಡುಗಿಯರದೇ ಸಂಖ್ಯೆ ದೊಡ್ಡದು. ದಕ್ಷಿಣ ಬ್ರೆಜಿಲ್‌ನಲ್ಲಿ ಟಿಪಿ53 ಜೀನಿನ ಆನುವಂಶಿಕ ಬದಲಾವಣೆಯಿಂದಾಗಿ ಮಕ್ಕಳಲ್ಲಿ ಈ ಕ್ಯಾನ್ಸರ್ ಬೇರೆಡೆಗಿಂತ ಬಹಳ ಹೆಚ್ಚಾಗಿ ಕಾಣುತ್ತದೆ.

ಕಾರಣವೇನು? ಹೆಣ್ಣು ಇಲಿಗಳ ಕಾರ್ಟೆಕ್ಸ್ ಕೋಶಗಳು ಗಂಡು ಇಲಿಗಳದ್ದಕ್ಕಿಂತ ವೇಗವಾಗಿ ನವೀಕರಣಗೊಳ್ಳುತ್ತವೆ. ಗಂಡು ಹಾರ್ಮೋನುಗಳಾದ ಆಂಡ್ರೋಜನ್‌ಗಳು ಆ ವೇಗವನ್ನು ತಗ್ಗಿಸುತ್ತವೆ. ಮನುಷ್ಯರ ವಿಷಯದಲ್ಲಿ ಇದು ಬಲವಾದ ಸುಳಿವು, ಅಂತಿಮ ಉತ್ತರವಲ್ಲ.

ಮೆಡುಲ್ಲಾದ ಚಿತ್ರ ಬೇರೆ. ಇಲ್ಲಿ ಬೆಳೆಯುವ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆ ಸ್ತ್ರೀ-ಪುರುಷರಿಬ್ಬರಲ್ಲೂ ಹೆಚ್ಚುಕಡಿಮೆ ಸಮಾನ. ಮುಖ್ಯವಾಗಿ 5 ವರ್ಷದೊಳಗಿನ ಮಕ್ಕಳನ್ನು ಕಾಡುವ ನ್ಯೂರೋಬ್ಲಾಸ್ಟೋಮಾ ಮಾತ್ರ ಗಂಡುಮಕ್ಕಳಲ್ಲಿ ಸ್ವಲ್ಪ ಹೆಚ್ಚು.